ಹೋಸ್ಟ್‌ನೇಮ್ ಪರೀಕ್ಷೆಗೆ ರೆಜೆಕ್ಸ್ ಒಂದೇ ಸಾಕಾ?

ಪ್ರಶ್ನೆ: ಮೇಡಂ, ನಮ್ಮ ವೆಬ್ ಆಪ್‌ನಲ್ಲಿ ಬಳಕೆದಾರರು ಹೋಸ್ಟ್‌ನೇಮ್ (ಸೈಟ್‌ನ ಹೆಸರು) ಅಥವಾ ಐಪಿ ವಿಳಾಸ (ಅಂಕಿಗಳ ವಿಳಾಸ) ಕೊಡುತ್ತಾರೆ. ಆ ಸೈಟ್ ನಡೆಯುತ್ತಿದೆಯಾ ಅಂತ ನಮ್ಮ ಸರ್ವರ್ ನೋಡಿ ಹೇಳುತ್ತದೆ. ಲೋಕಲ್‌ಹೋಸ್ಟ್, 127.0.0.1 ಎರಡೂ ಸರ್ವರ್ ತನ್ನನ್ನೇ ಕರೆಯುವ ವಿಳಾಸಗಳು; ಎರಡನ್ನೂ ರೆಜೆಕ್ಸ್‌ನಲ್ಲಿ (ಅಕ್ಷರಗಳ ಮಾದರಿ ಹೊಂದಿಸಿ ನೋಡುವ ಸೂತ್ರ) ತಡೆದಿದ್ದೆ. ನಿನ್ನೆ ಟೆಸ್ಟ್ ಮಾಡುವವರು ಸುಮ್ನೆ 2130706433 ಅಂತ ಕೊಟ್ಟರು. ನಮ್ಮ ಸರ್ವರ್ ತನಗೆ ತಾನೇ ಕನೆಕ್ಟ್ ಆಯಿತು! ರೆಜೆಕ್ಸ್ ಹೇಗೆ ಸರಿಪಡಿಸಲಿ?

ಉತ್ತರ: ದಯವಿಟ್ಟು ರೆಜೆಕ್ಸ್ ಬೆಳೆಸುತ್ತಾ ಹೋಗಬೇಡಿ. ಆ ಸಂಖ್ಯೆ 127.0.0.1 ವಿಳಾಸವೇ, 32 ಬಿಟ್‌ನ ಒಂದೇ ಸಂಖ್ಯೆಯಾಗಿ ಬರೆದದ್ದು. 127.1 ಕೂಡ ಅದೇ. 0177.0.0.1 ಇನ್ನೂ ಅಪಾಯ: ಮುಂದೆ ಸೊನ್ನೆ ಇದೆ ಅಂತ ಕೆಲವು ಲೈಬ್ರರಿಗಳು ಆಕ್ಟಲ್ (ಎಂಟರ ಎಣಿಕೆ) ಆಗಿ 127 ಅಂತ ಓದುತ್ತವೆ, ಕೆಲವು 177 ಅಂತಲೇ ಓದುತ್ತವೆ. ಪರೀಕ್ಷಿಸುವ ಕೋಡ್ ಒಂದು ಥರ, ಕನೆಕ್ಟ್ ಮಾಡುವ ಕೋಡ್ ಇನ್ನೊಂದು ಥರ ಓದಿದರೆ ಕಥೆ ಮುಗಿಯಿತು. ಇದಕ್ಕೇ ಪೈಥಾನ್ 2021ರಲ್ಲಿ, 3.9.5 ಆವೃತ್ತಿಯಲ್ಲಿ, ಇಂಥ ಸೊನ್ನೆಗಳನ್ನು ಒಪ್ಪುವುದನ್ನು ನಿಲ್ಲಿಸಿತು. ನಿಮ್ಮ ಪ್ರೋಗ್ರಾಮಿಂಗ್ ಭಾಷೆಯ ಐಪಿ ಪಾರ್ಸರ್‌ನ (ಐಪಿ ವಿಳಾಸ ಓದಿ ಅರ್ಥಮಾಡುವ ಕೋಡ್) ಹೊಸ ಆವೃತ್ತಿ ಬಳಸಿ.

ಪ್ರಶ್ನೆ: ಹಾಗಾದರೆ ಹೆಸರಿಗೆ ರೆಜೆಕ್ಸ್ ಬೇಡ್ವಾ?

ಉತ್ತರ: ಹೆಸರಿನ ಆಕಾರ ನೋಡಲು ಇರಲಿ. ಒಟ್ಟು 253 ಅಕ್ಷರ, ಚುಕ್ಕೆಗಳ ನಡುವಿನ ಒಂದೊಂದು ತುಂಡು 63 ಅಕ್ಷರ ಮೀರಬಾರದು. ತುಂಡಿನ ಮೊದಲಲ್ಲೂ ಕೊನೆಯಲ್ಲೂ ಹೈಫನ್ ಬೇಡ. ಕೊನೆಯ ತುಂಡು ಬರೀ ಅಂಕಿಯಾಗಿದ್ದರೆ ಅದನ್ನು ಹೆಸರು ಅನ್ನಬೇಡಿ. ಅಷ್ಟಕ್ಕೇ ನಿನ್ನೆಯ ತೊಂದರೆ ನಿಲ್ಲುತ್ತಿತ್ತು. ಪೈಥಾನ್‌ನ ರೆಜೆಕ್ಸ್‌ನಲ್ಲಿ 'ಇಲ್ಲಿಗೆ ಕೊನೆ' ಅನ್ನುವ ಡಾಲರ್ ಗುರುತು ಕೊನೆಯ ಹೊಸಸಾಲನ್ನು ಒಳಗೆ ಬಿಡುತ್ತದೆ, ಹುಷಾರು. ಇಡೀ ಪಠ್ಯ ಹೊಂದಲೇಬೇಕು ಅನ್ನುವ ಫುಲ್‌ಮ್ಯಾಚ್ ಬಳಸಿ.

ಆದರೆ ನಿಜವಾದ ಕಾವಲು ಇರಬೇಕಾದ್ದು ಬೇರೆ ಕಡೆ. ನೋಡಲು ಚೆನ್ನಾಗಿರುವ ಯಾವ ಹೆಸರಾದರೂ ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) 10.0.0.5 ಥರದ ಒಳಜಾಲದ ವಿಳಾಸದ ಕಡೆಗೆ ತೋರಿಸಬಹುದು, ಅಲ್ವಾ? ಹಾಗಾಗಿ ಮೊದಲು ಹೆಸರನ್ನು ಐಪಿಗೆ ಬಿಡಿಸಿ. ಬಂದ ಎಲ್ಲ ವಿಳಾಸಗಳನ್ನೂ ನೋಡಿ: ಲೂಪ್‌ಬ್ಯಾಕ್ (127.0.0.1 ಥರ ತನ್ನನ್ನೇ ಕರೆಯುವ ವಿಳಾಸ), ಖಾಸಗಿ ಜಾಲ, ಐಪಿವಿ6ರಲ್ಲಿ (ಉದ್ದನೆಯ ಹೊಸ ಮಾದರಿ ವಿಳಾಸ) ಅದೇ ಕೆಲಸದ ::1, ಐಪಿವಿ6 ಒಳಗೆ ಅಡಗಿಸಿದ ಐಪಿವಿ4 (ಹಳೆಯ ಮಾದರಿ) ಇವೆಲ್ಲ ಇದ್ದರೆ ತಡೆಯಿರಿ. ಕ್ಲೌಡ್‌ನಲ್ಲಿದ್ದರೆ 169.254.169.254 ಮರೆಯಲೇಬೇಡಿ; ಅದು ಸರ್ವರ್‌ಗೆ ತನ್ನ ಬಗ್ಗೆಯೇ ಮಾಹಿತಿ ಕೊಡುವ ಕ್ಲೌಡ್‌ನ ವಿಳಾಸ, ಸರ್ವರ್‌ನ ಕೀಲಿಗಳು ಅಲ್ಲಿಂದ ಸಿಗಬಹುದು. ಆಮೇಲೆ ಪರೀಕ್ಷಿಸಿದ ಅದೇ ಐಪಿಗೆ ಕನೆಕ್ಟ್ ಮಾಡಿ. ಮತ್ತೆ ಹೆಸರು ಕೇಳಿದರೆ ಡಿಎನ್‌ಎಸ್ ಎರಡನೇ ಸಲ ಬೇರೆ ಉತ್ತರ ಕೊಡಬಹುದು. ಸೈಟ್ ಅಸಲಿಯೇ ಅಂತ ನೋಡುವ ಸರ್ಟಿಫಿಕೇಟ್ ಪರೀಕ್ಷೆ ಮಾತ್ರ ಹೆಸರಿನ ಮೇಲೆಯೇ ನಡೆಯಲಿ.

ಪ್ರಶ್ನೆ: ಆ ಸೈಟ್ 'ಬೇರೆ ವಿಳಾಸಕ್ಕೆ ಹೋಗು' ಅಂತ ರೀಡೈರೆಕ್ಟ್ ಕೊಟ್ಟರೆ?

ಉತ್ತರ: ತಾನಾಗಿ ಹಿಂಬಾಲಿಸುವುದನ್ನು ಆಫ್ ಮಾಡಿ. ಬಂದ ಹೊಸ ವಿಳಾಸಕ್ಕೂ ಇದೇ ಪರೀಕ್ಷೆ ಮೊದಲಿನಿಂದ ನಡೆಸಿ, ಪ್ರತಿ ಸಲವೂ.