ಏರ್ ರೈಫಲ್ ಸ್ಪೀಡು ಒಂದೊಂದ್ಸಲ ಒಂದೊಂದು ಥರ ತೋರಿಸ್ತಿದೆ, ತಪ್ಪು ಗನ್ನಿಂದಾ ಸ್ಪೀಡ್ ಅಳೆಯೋ ಕ್ರೋನೋದಾ?

ಮೂಡಿಗೆರೆಕಾಫಿ:
ಎಲ್ರಿಗೂ ನಮಸ್ಕಾರ. ನಂದು .177 ಇಂಚು ಗುಂಡಿನ ಸ್ಪ್ರಿಂಗ್ ರೈಫಲ್ಲು, ನಾಲ್ಕು ವರ್ಷದ್ದು. ಮುಂದಿನ ತಿಂಗಳು ನಾವೊಂದಷ್ಟು ಜನ ಫೀಲ್ಡ್ ಟಾರ್ಗೆಟ್ ಅನ್ನೋ ಏರ್ ರೈಫಲ್ ಸ್ಪರ್ಧೆ ರೂಲ್ಸ್ ಪ್ರಕಾರನೇ ಮ್ಯಾಚ್ ಇಟ್ಕೊಂಡಿದೀವಿ, ಗುಂಡಿನ ಶಕ್ತಿ 12 ಫುಟ್-ಪೌಂಡ್ ಅಂದ್ರೆ 16.27 ಜೌಲ್ ದಾಟಂಗಿಲ್ಲ, ಅದಕ್ಕೆ ಮೊದಲೇ ನೋಡ್ಕೊಳೋಣ ಅಂತ ಸ್ನೇಹಿತರ ಕ್ರೋನೋಗ್ರಾಫ್ ತಂದು ಗೋಡೌನಲ್ಲಿ ಮರಳು ಮೂಟೆಗೆ ಹತ್ತು ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಡೆದೆ. ಪೆಲೆಟ್ ತೂಕ 8.44 ಗ್ರೇನು. ಬಂದಿದ್ದು ಸೆಕೆಂಡಿಗೆ 241, 288, 263, 291, 412, 237, 279, 246 ಮೀಟರು, ಇನ್ನೆರಡಕ್ಕೆ ಎರರ್. ಯಾವುದನ್ನ ನಂಬೋದು?

ಹಾಸನದಗುರಿ:
412 ಅಂತೂ ಸುಳ್ಳು, ಅದು ಶಬ್ದದ ವೇಗಕ್ಕಿಂತ ಜಾಸ್ತಿ, ಸ್ಪ್ರಿಂಗ್ ಗನ್ನಲ್ಲಿ ಸೀಸದ ಪೆಲೆಟ್ಟು ಅಷ್ಟು ಹೋಗಲ್ಲ. ಆದ್ರೆ 291 ಸುಳ್ಳು ಅಂತ ಈಗಲೇ ಹೇಳಲಾರೆ. ಗೋಡೌನಲ್ಲಿ ಯಾವ ಲೈಟು? ಬ್ಯಾರಲ್ ತುದಿಯಿಂದ ಕ್ರೋನೋ ಎಷ್ಟು ದೂರ? ಹೊಡೆದಾಗ ಹೊಗೆ, ವಾಸ್ನೆ ಏನಾದ್ರೂ ಬರ್ತಿದೆಯಾ?

ಮೂಡಿಗೆರೆಕಾಫಿ:
ಟ್ಯೂಬ್‌ಲೈಟ್ ಸರ್. ದೂರ ಅರ್ಧ ಅಡಿ ಇರಬೋದು. ವಾಸ್ನೆ ಬರ್ತಿದೆ, ಒಗ್ಗರಣೆ ಎಣ್ಣೆ ಸೀದ್ಹೋದಂಗೆ, ಕೆಲವು ಶಾಟಿಗೆ ಬ್ಯಾರಲ್ ಬಾಯಲ್ಲಿ ತೆಳ್ಳಗೆ ನೀಲಿ ಹೊಗೆನೂ. ನಮ್ಮ ಕಡೆ ಮಳೆ ಗೊತ್ತಲ್ಲ, ತುಕ್ಕು ಹಿಡಿಯುತ್ತೆ ಅಂತ ಹೋದ ವಾರ ಹೊಲಿಗೆ ಮಷೀನ್ ಎಣ್ಣೆನ ಒಳಗೂ ನಾಲ್ಕು ಹನಿ ಬಿಟ್ಟಿದ್ದೆ.

ಹಾಸನದಗುರಿ:
ಸಿಕ್ತು. ನಿಮಗಿರೋದು ಒಂದಲ್ಲ, ಎರಡು ತೊಂದರೆ, ಒಂದರ ಮೇಲೊಂದು ಕೂತಿವೆ.

ಮೊದಲನೇದು ಎಣ್ಣೆ. ಪಿಸ್ಟನ್ ಮುಂದಕ್ಕೆ ಬಡಿದಾಗ ಗಾಳಿ ಎಷ್ಟು ಬಿಸಿಯಾಗುತ್ತೆ ಅಂದ್ರೆ ಒಳಗಿರೋ ಎಣ್ಣೆ ಡೀಸೆಲ್ ಎಂಜಿನ್ ಥರಾನೇ ಹತ್ಕೊಳುತ್ತೆ, ಡೀಸೆಲಿಂಗ್ ಅಂತಾರೆ. ಆ ಶಾಟು ನಿಜವಾಗ್ಲೂ ಜೋರಾಗೇ ಹೋಗುತ್ತೆ, ಕ್ರೋನೋ ತಪ್ಪಲ್ಲ. ಲೆಕ್ಕ ಹಾಕಿ, 8.44 ಗ್ರೇನ್ ಅಂದ್ರೆ 0.547 ಗ್ರಾಂ, 291ಕ್ಕೆ 23 ಜೌಲ್ ಬರುತ್ತೆ. ಮ್ಯಾಚ್ ಹಾಗಿರಲಿ, 20 ಜೌಲ್ ದಾಟಿದ್ರೆ ನಮ್ಮ ದೇಶದಲ್ಲಿ ಲೈಸೆನ್ಸೇ ಬೇಕು, ಇದನ್ನ ಹಗುರವಾಗಿ ತಗೋಬೇಡಿ. ಸೀಲು, ಸ್ಪ್ರಿಂಗೂ ಹಾಳಾಗುತ್ತೆ. ಬ್ಯಾರಲ್ಲಿಗೆ ಒಣ ಬಟ್ಟೆ ಎಳೆದು ಎಳೆದು ಬಿಳಿ ಬರೋವರೆಗೂ ಒರೆಸಿ, ಆಮೇಲೆ ಒಂದೈವತ್ತು ಪೆಲೆಟ್ ಹೊಡೀರಿ, ಉಳಿದ ಎಣ್ಣೆ ಉರಿದು ಹೋಗುತ್ತೆ. ಪೆಲೆಟ್ ಇಲ್ಲದೆ ಮಾತ್ರ ಖಾಲಿ ಹೊಡೀಬೇಡಿ. ಮಳೆಗಾಲದಲ್ಲಿ ಎಣ್ಣೆ ಹೊರಗಡೆ ಲೋಹಕ್ಕೆ ಒರೆಸಿದ್ರೆ ಸಾಕು.

ಎರಡನೇದು ಲೈಟು. ಹಳೇ ಚೋಕ್ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತೆ, ಕಣ್ಣಿಗೆ ಕಾಣಲ್ಲ, ಸೆನ್ಸರ್‌ಗೆ ಕಾಣುತ್ತೆ, ಅದಕ್ಕೇ ಎರರ್. ಹಳೇ ಫಿಲಮೆಂಟ್ ಬಲ್ಬ್ ಹಾಕಿ. ಅರ್ಧ ಅಡಿ ತೀರಾ ಹತ್ರ ಆಯ್ತು, ಪೆಲೆಟ್ ಹಿಂದೆ ನುಗ್ಗೋ ಗಾಳಿ, ಹೊಗೆ ಎಲ್ಲಾ ಸೆನ್ಸರ್‌ನ ಏಮಾರಿಸುತ್ತೆ, ಒಂದು ಮೀಟರ್ ದೂರ ಇಟ್ಟು ಎರಡೂ ಸೆನ್ಸರ್ ಮೇಲೆ ನೇರ ಹಾಯಂಗೆ ಹೊಡೀರಿ.

ಬೇಲೂರುಹುಡ್ಗ:
ಡಬ್ಬಿ ಮೇಲಿನ ತೂಕನೂ ನಂಬ್ಬೇಡಿ. ನಾನು ಪರಿಚಯದ ಚಿನ್ನದಂಗಡೀಲಿ ಹತ್ತು ಪೆಲೆಟ್ ಒಟ್ಟಿಗೆ ತೂಗಿಸ್ತೀನಿ. ಇನ್ನೊಂದು, ಹ್ಯಾಂಡ್‌ಗನ್ ಮ್ಯಾಚ್‌ನಲ್ಲಿ ಪವರ್ ಫ್ಯಾಕ್ಟರ್ ಅಂತ ಗ್ರೇನನ್ನ ಅಡಿ ಲೆಕ್ಕದ ಸ್ಪೀಡಿಗೆ ಗುಣಿಸಿ 1000ದಿಂದ ಭಾಗಿಸ್ತಾರೆ, ಮೈನರ್ ಅನ್ನೋ ಕೆಳಗಿನ ದರ್ಜೆಗೆ 125 ಮುಟ್ಟಲೇಬೇಕು, ಅಲ್ಲಿ ಕಮ್ಮಿ ಆದ್ರೆ ಕಷ್ಟ. ನಮ್ಮದರಲ್ಲಿ ಜಾಸ್ತಿ ಆದ್ರೆ ಕಷ್ಟ, ಮೇಲಾಗಿ ಜೌಲ್ ಲೆಕ್ಕದಲ್ಲಿ ಸ್ಪೀಡಿನ ವರ್ಗ ಬರೋದ್ರಿಂದ ಸ್ವಲ್ಪ ಏರಿದ್ರೂ ಜೌಲ್ ಜಿಗಿಯುತ್ತೆ. ಸರಾಸರಿ ನೋಡಿ ಸುಮ್ನಾಗಬೇಡಿ, ಹತ್ತರಲ್ಲಿ ಅತಿ ಜೋರಾಗಿರೋದು ಮಿತಿಯೊಳಗಿರಬೇಕು.

ಮೂಡಿಗೆರೆಕಾಫಿ:
ಮೂರು ದಿನ ಆಯ್ತು, ಕರೆಂಟ್ ಇರ್ಲಿಲ್ಲ, ಕ್ಷಮಿಸಿ. ಬಟ್ಟೆ ಮೊದಲು ಕಡು ಕಪ್ಪಗೆ ಬಂತು, ಎಂಟನೇದು ಬಿಳಿ. ಅಜ್ಜಿ ರೂಮಿನ 60 ವ್ಯಾಟ್ ಬಲ್ಬ್ ತಂದು ಹಾಕಿದೆ. ತೂಕ ಹತ್ತಕ್ಕೆ 5.47 ಗ್ರಾಂ, ಡಬ್ಬಿ ಹೇಳಿದಷ್ಟೇ. ಈಗ ಹತ್ತೂ 234ರಿಂದ 239ರೊಳಗೆ, ಒಂದೂ ಎರರ್ ಇಲ್ಲ, 239ಕ್ಕೆ 15.6 ಜೌಲ್. ಹೊಗೆ, ವಾಸ್ನೆ ಎರಡೂ ನಿಂತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಮ್ಯಾಚ್ ದಿನ ಬೆಳಗ್ಗೆ ಇನ್ನೊಂದ್ಸಲ ಇದೇ ಥರ ಅಳೆದು ನಂಬರ್ ಹಾಕ್ತೀನಿ.