ಪಾಸ್‌ವರ್ಡ್ ಸರಿ ಇದೆ, ಆದರೂ ಥಂಡರ್‌ಬರ್ಡ್ ಒಪ್ಪುತ್ತಿಲ್ಲ

ಕೇಳಿದವರು: ಅಪ್ಪನ ಹಳೆ ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪ್ ಇದೆ. ಅದಕ್ಕೆ ಅವರ ಜಿಮೇಲ್ ಸೇರಿಸಲು ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ಸಲೀಸಾಗಿ ನಡೆಯುತ್ತದೆ. ಯಾರಿಗಾದರೂ ಹೀಗಾಗಿತ್ತಾ?

ಉತ್ತರ: ನನಗೆ ಆಗಿತ್ತು. ಪಾಸ್‌ವರ್ಡ್ ಮತ್ತೆ ಮತ್ತೆ ಟೈಪ್ ಮಾಡಬೇಡಿ, ತಪ್ಪು ಅಲ್ಲಿಲ್ಲ. ಬರೀ ಹೆಸರು, ಪಾಸ್‌ವರ್ಡ್ ನೋಡಿ ಬೇರೆ ಆ್ಯಪ್‌ಗಳನ್ನು ಒಳಗೆ ಬಿಡುವ ಪದ್ಧತಿಯನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಸರ್ವರ್ ಸೆಟ್ಟಿಂಗ್ಸ್ ತೆರೆಯಿರಿ. ಅಥೆಂಟಿಕೇಶನ್ ಮೆಥಡ್ ಎಂಬಲ್ಲಿ ನಾರ್ಮಲ್ ಪಾಸ್‌ವರ್ಡ್ ಅಂತ ಇದ್ದರೆ ಓಆತ್2 (OAuth2, ಆ್ಯಪ್‌ಗೆ ಪಾಸ್‌ವರ್ಡ್ ಕೊಡದೆ ಗೂಗಲ್‌ನಲ್ಲೇ ಲಾಗಿನ್ ಆಗುವ ವಿಧಾನ) ಅಂತ ಬದಲಿಸಿ. ಆಮೇಲೆ ಮೇಲ್ ತರಿಸಲು ಹೋದಾಗ ಗೂಗಲ್‌ನದೇ ಲಾಗಿನ್ ಕಿಟಕಿ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಅಲ್ಲಿ ಕೊಡಬೇಕು. ಕಿಟಕಿ ಬಂದರೂ ಲಾಗಿನ್ ಮುಂದೆ ಹೋಗದಿದ್ದರೆ ಥಂಡರ್‌ಬರ್ಡ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಕುಕೀಸ್ ಆಫ್ ಆಗಿದೆಯಾ ನೋಡಿ. ನನ್ನದರಲ್ಲಿ ನಾನೇ ಯಾವಾಗಲೋ ಆಫ್ ಮಾಡಿ ಮರೆತಿದ್ದೆ. ಒಂದು ಇಡೀ ಭಾನುವಾರ ಹೋಯಿತು!

ಇನ್ನೊಬ್ಬರು: ಆ್ಯಪ್ ತುಂಬಾ ಹಳೆಯದಾಗಿ ಅದರಲ್ಲಿ ಓಆತ್ ಇಲ್ಲದಿದ್ದರೆ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಿ. ಮೊದಲು ಗೂಗಲ್ ಖಾತೆಗೆ ಟೂ ಸ್ಟೆಪ್ ವೆರಿಫಿಕೇಶನ್ ಹಾಕಬೇಕು. ಆಮೇಲೆ 16 ಅಕ್ಷರದ್ದೊಂದು ಪಾಸ್‌ವರ್ಡ್ ಕೊಡುತ್ತದೆ, ಅದನ್ನು ಆ್ಯಪ್‌ನಲ್ಲಿ ಹಾಕಿದರೆ ಸಾಕು. ಒಂದು ಎಚ್ಚರಿಕೆ. ಮುಂದೆ ಗೂಗಲ್ ಪಾಸ್‌ವರ್ಡ್ ಬದಲಿಸಿದ ದಿನ ಈ 16 ಅಕ್ಷರದ್ದೂ ರದ್ದಾಗುತ್ತದೆ. ನಮ್ಮ ಚಿಕ್ಕಪ್ಪ ಹೀಗೆ ಬದಲಿಸಿ, ಮೇಲೇ ಬರುತ್ತಿಲ್ಲ ಅಂತ ವಾರಗಟ್ಟಲೆ ರೂಟರ್ ಆಫ್ ಮಾಡಿ ಆನ್ ಮಾಡುತ್ತಿದ್ದರು.

ಮತ್ತೊಬ್ಬರು: ಐಮ್ಯಾಪ್ ಬೇಕಾ ಪಾಪ್ ಬೇಕಾ ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ಐಮ್ಯಾಪ್ ಆರಿಸಿ. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಪಾಪ್ ಅದನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತದೆ. ನಾನು ಅಂಗಡಿಯ ಮೇಲ್‌ಗೆ ಪಾಪ್ ಹಾಕಿ, ಸರ್ವರ್‌ನಲ್ಲಿ ಪ್ರತಿ ಉಳಿಸುವ ಟಿಕ್ ತೆಗೆದಿದ್ದೆ. ಜಾಗ ಉಳಿಯುತ್ತದಲ್ವಾ ಅಂತ. ಮೇಲ್‌ಗಳೆಲ್ಲ ಕಂಪ್ಯೂಟರ್‌ಗೆ ಇಳಿದವು, ಸರ್ವರ್ ಖಾಲಿಯಾಯಿತು. ಮೂರು ತಿಂಗಳಿಗೆ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಎರಡು ವರ್ಷದ ಬಿಲ್ಲು, ಆರ್ಡರ್ ಎಲ್ಲಾ ಹೋದವು. ಯಾರನ್ನು ಬೈಯಲಿ, ಟಿಕ್ ತೆಗೆದವನು ನಾನೇ.

ಕೇಳಿದವರು: ಓಆತ್2 ಹಾಕಿದೆ, ಮೇಲ್ ಬಂತು! ಆದರೆ ಕಳಿಸಲು ಹೋದರೆ ಮತ್ತೆ ಅದೇ ತಪ್ಪು.

ಉತ್ತರ: ಅಯ್ಯೋ, ಅದನ್ನು ಹೇಳಲು ಮರೆತೆ. ಬರುವ ಮೇಲ್‌ಗೆ ಒಂದು ಸರ್ವರ್, ಹೋಗುವುದಕ್ಕೆ ಇನ್ನೊಂದು. ಒಂದರಲ್ಲಿ ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಎಡಗಡೆ ಪಟ್ಟಿಯ ಕೊನೆಯಲ್ಲಿ ಔಟ್‌ಗೋಯಿಂಗ್ ಸರ್ವರ್ ಇದೆ, ಅಲ್ಲೂ ಓಆತ್2 ಮಾಡಿ. ಯೂಸರ್ ನೇಮ್ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ ಇರಲಿ. ಪೋರ್ಟ್ 465 ಇದ್ದರೆ ಕನೆಕ್ಷನ್ ಸೆಕ್ಯುರಿಟಿ ಎಂಬಲ್ಲಿ ಎಸ್‌ಎಸ್‌ಎಲ್, 587 ಇದ್ದರೆ ಸ್ಟಾರ್ಟ್‌ಟಿಎಲ್‌ಎಸ್. ಇವೆರಡು ಅದಲುಬದಲಾದರೆ ಸುಮ್ನೆ ತಿರುಗುತ್ತಾ ಕೂರುತ್ತದೆ.

ಕೇಳಿದವರು: ಹೋಯಿತು, ಹೋಯಿತು! ಆದರೆ ಒಂದೊಂದು ಮೇಲೂ ಎರಡೆರಡು ಕಡೆ ಕಾಣುತ್ತಿದೆ, ಅಪ್ಪನಿಗೆ ಗಾಬರಿ.

ಇನ್ನೊಬ್ಬರು: ಅದು ಜಿಮೇಲ್‌ನ ಆಲ್ ಮೇಲ್ ಫೋಲ್ಡರ್. ಇನ್‌ಬಾಕ್ಸ್‌ನಲ್ಲಿರುವುದೆಲ್ಲ ಅಲ್ಲೂ ಕಾಣುತ್ತದೆ. ಖಾತೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಸಬ್‌ಸ್ಕ್ರೈಬ್‌ನಲ್ಲಿ ಅದರ ಟಿಕ್ ತೆಗೆಯಿರಿ. ಈ ಟಿಕ್ ತೆಗೆದರೆ ಏನೂ ಅಳಿಸಿಹೋಗುವುದಿಲ್ಲ, ಅಪ್ಪನಿಗೆ ಹೇಳಿ.