ಸಹಾಯ ಬೇಕು: ಕ್ರ್ಯಾಂಕ್‌ಬೈಟ್ ಎಂಬ ಮೀನಿನಾಕಾರದ ಕೃತಕ ಎರೆಗೆ ಯಾವ ಗಾಳದ ಕೋಲು?

ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿ ಬಾಸ್ ಮೀನು ಹಿಡಿಯುವ ಕನ್ನಡಿಗರು ಯಾರಾದರೂ ಇದ್ದೀರಾ? ನನ್ನ ಬಳಿ 7 ಅಡಿಯ ಮೀಡಿಯಂ ಹೆವಿ (ತುಸು ಗಡುಸಾದ), ಫಾಸ್ಟ್ ಆ್ಯಕ್ಷನ್ (ತುದಿಯ ಹತ್ತಿರವಷ್ಟೇ ಬಾಗುವ) ರಾಡ್ ಇದೆ. ಜಿಗ್‌ಗೂ (ಭಾರದ ತಲೆಯಿರುವ ಕೊಕ್ಕೆ) ಪ್ಲಾಸ್ಟಿಕ್ ಹುಳುವಿಗೂ ಅದು ಹೇಳಿ ಮಾಡಿಸಿದಂತಿದೆ: ತಳದ ಕಲ್ಲಿಗೆ ಎರೆ ತಾಗಿದ್ದೂ ಅಂಗೈಗೆ ತಿಳಿಯುತ್ತದೆ, ಒಂದೇ ಎಳೆತಕ್ಕೆ ದಪ್ಪ ಕೊಕ್ಕೆ ಮೀನಿನ ಬಾಯಿಗೆ ನಾಟುತ್ತದೆ. ಆದರೆ ಕ್ರ್ಯಾಂಕ್‌ಬೈಟ್ ಕಟ್ಟಿದರೆ, ಮೀನು ದೋಣಿಯ ಹತ್ತಿರ ಬಂದು ತಲೆ ಕೊಡವಿದ ಕೂಡಲೇ ಆ ಎರೆಯ ಸಣ್ಣ ಮೂರು ಮುಳ್ಳಿನ ಗಾಳ ಕಿತ್ತು ಬರುತ್ತದೆ. ಕೋಲು ನಡುವಿನವರೆಗೂ ಬಾಗದಿರುವುದೇ ಕಾರಣ ಎಂಬುದು ನನ್ನ ಅನಿಸಿಕೆ. ಹಾಗಾಗಿ ನಡುವಿನವರೆಗೂ ಬಾಗುವ ಮಾಡರೇಟ್ ಆ್ಯಕ್ಷನ್‌ನದು ಕೊಳ್ಳಬೇಕೆಂದಿದ್ದೇನೆ. ಪೂರ್ತಿ ಫೈಬರ್‌ಗ್ಲಾಸ್ ಒಳ್ಳೆಯದೋ, ಗ್ರ್ಯಾಫೈಟ್ ಬೆರೆತದ್ದೋ? ಅದರಲ್ಲೇ ಸ್ಪಿನ್ನರ್‌ಬೈಟ್ (ತಿರುಗುವ ಲೋಹದ ಎಲೆಗಳಿರುವ ಎರೆ) ಕೂಡ ಎಸೆಯಬಹುದೇ? 150 ಡಾಲರ್ ಒಳಗಿನದನ್ನು ಬಳಸಿ ನೋಡಿದವರು ದಯವಿಟ್ಟು ತಿಳಿಸಿ.